ಗೋಕರ್ಣದ ಕಡಲು, ಕಾಣದ ಸೆಳವು

ಘಟ್ಟದ ಮೇಲಿನವರಾದ ನಮಗೆ ಸಮುದ್ರವೆಂದರೆ ಒಂದು ಬಗೆಯ ಹುಚ್ಚು. ಊರಿನ ಕೆರೆ, ಕಾಲುವೆ, ಬಾವಿಕಟ್ಟೆಗಳ ಹತ್ತಿರ ಮಕ್ಕಳು ಸುಳಿದರೆ ಸಾಕು, "ಅಲ್ಲಿಗ್ಯಾಕ್ರೋ ಹೋದ್ರಿ" ಎಂದು ಬೀದಿಗೆಲ್ಲ ಕೇಳುವಂತೆ ಗದರುತ್ತೇವೆ. ಅದೇ ನಾವು ಕಡಲ ದಂಡೆಗೆ ಬಂದೊಡನೆ ಚಪ್ಪಲಿ ಕಳಚಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮಕ್ಕಳಿಗಿಂತ ಮುಂಚೆ ನೀರಿಗಿಳಿದಿರುತ್ತೇವೆ! ಕೆರೆಯ ಭಯ ಕಡಲಿಗೆ ಯಾಕಿಲ್ಲವೋ ಕಾಣೆ. ನೂರಾರು ಜನ ಒಟ್ಟಿಗೆ ನೀರಿನಲ್ಲಿರುವುದನ್ನು ಕಂಡು ಧೈರ್ಯ ಬರುತ್ತದೋ, ದಂಡೆಯ ಹತ್ತಿರ ನೀರು ಮೊಣಕಾಲುದ್ದ ಇರುವುದರಿಂದಲೋ! ಕೆರೆಯ ನೀರಾದರೆ ನಿಂತ ನೀರು. ಕಡಲಿನದು ಹಾಗಲ್ಲ, ಅದು ಬರುತ್ತದೆ, ಹೋಗುತ್ತದೆ. ಬರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಹೋಗುವುದು ಮಾತ್ರ ಗೊತ್ತಿದ್ದವರಿಗಷ್ಟೇ ಕಾಣುತ್ತದೆ.

ನಮ್ಮ ಮನೆಯವರೂ ನಾದಿನಿಯ ಮನೆಯವರೂ ಸೇರಿ ಡಿಸೆಂಬರ್ ಕೊನೆಯ ರಜೆಯಲ್ಲಿ ಗೋಕರ್ಣಕ್ಕೆ ಹೊರಟಿದ್ದೆವು. ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅಂಕೋಲೆಗೆ ಇಳಿಯುವ ದಾರಿ. ಅರಬೈಲು ಘಟ್ಟ ಇಳಿಯುವಾಗ ಮಕ್ಕಳಿಬ್ಬರಿಗೆ ವಾಂತಿ. ಲಿಂಬೆಹಣ್ಣು, ಶುಂಠಿ ಎಲ್ಲ ಕೈಯಲ್ಲೇ ಇತ್ತೆನ್ನಿ. ಘಟ್ಟ ಮುಗಿದು ತೆಂಗಿನ ತೋಟ, ಗದ್ದೆ, ಉಪ್ಪಿನ ಆಗರಗಳು ಕಾಣಿಸಿಕೊಂಡವೋ ಇಲ್ಲವೋ, ಗಾಳಿಯ ವಾಸನೆಯೇ ಬೇರೆ. ಮಕ್ಕಳಿಗೆ ಸಂಕಟ ಮರೆತೇ ಹೋಯಿತು.

ಗೋಕರ್ಣದ ಕಥೆ ಯಾರಿಗೆ ಗೊತ್ತಿಲ್ಲ? ರಾವಣ ತಂದ ಆತ್ಮಲಿಂಗವನ್ನು ಗಣಪ ದನಗಾಹಿ ಹುಡುಗನಾಗಿ ಬಂದು ನೆಲಕ್ಕಿಟ್ಟುಬಿಟ್ಟ ಊರು. ಕೋಟಿತೀರ್ಥದಲ್ಲಿ ಮಿಂದು, ಸಮುದ್ರಸ್ನಾನ ಮಾಡಿ, ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಇದು ಹಿಂದಿನಿಂದ ನಡೆದು ಬಂದ ಕ್ರಮ. ರಥಬೀದಿಯಲ್ಲಿ ಹಾಲಕ್ಕಿ ಹೆಂಗಸರು ಕೊರಳ ತುಂಬ ಕರಿಮಣಿ ಸರ ಹಾಕಿಕೊಂಡು, ಹೂವು, ತರಕಾರಿ ಮುಂದಿಟ್ಟುಕೊಂಡು ಕೂತಿರುತ್ತಾರೆ. ಅವರ ಹರಿವೆ ಸೊಪ್ಪಿನ ಕಟ್ಟು ನೋಡಿ ನನ್ನ ಕೈ ಚೀಲಕ್ಕೆ ಹೋಯಿತು. "ಇಲ್ಲಿ ಯಾರಿಗೆ ಅಡಿಗೆ ಮಾಡ್ತೀಯೇ" ಎಂದು ನಮ್ಮವರು ನಕ್ಕರು.

ನಮ್ಮತ್ತೆಯವರಿಗೆ ಎಪ್ಪತ್ತು ದಾಟಿದೆ. ಅವರು ಸಮುದ್ರಸ್ನಾನ ಮಾಡಿದ ರೀತಿ ಹೇಳಬೇಕು. ಅಲೆ ಬಂದು ಮುಟ್ಟುವ ಒದ್ದೆ ಮರಳಿನ ಅಂಚಿನಲ್ಲಿ ಕುಳಿತು, ತಾಮ್ರದ ಚೊಂಬಿನಲ್ಲಿ ನೀರು ಮೊಗೆದು ತಲೆಗೆ ಮೂರು ಸಲ ಸುರಿದುಕೊಂಡು, ಸಂಕಲ್ಪ ಹೇಳಿ ಎದ್ದುಬಿಟ್ಟರು. "ಮುಳುಗು ಹಾಕೋದು ಬೇಡ್ವೇನಮ್ಮ?" ಎಂದು ನಾದಿನಿ ಕೇಳಿದರೆ, "ಸಮುದ್ರರಾಜ ದೊಡ್ಡೋನು ಕಣೆ, ಅವನ ಮನೆಯೊಳಕ್ಕೆ ನುಗ್ಗಬಾರದು, ಹೊಸಿಲಲ್ಲಿ ಕೂತು ಬೇಡ್ಕೋಬೇಕು" ಎಂದರು. ಪುಣ್ಯ ಎಷ್ಟು ಬಂತೋ ದೇವರೇ ಬಲ್ಲ. ಆದರೆ ವಯಸ್ಸಾದವರಿಗೆ, ಈಜು ಬಾರದವರಿಗೆ ಇದಕ್ಕಿಂತ ಒಳ್ಳೆಯ ಸ್ನಾನದ ಕ್ರಮ ನನಗಂತೂ ಹೊಳೆಯುವುದಿಲ್ಲ.

ಮಧ್ಯಾಹ್ನದ ಮೇಲೆ ಕುಡ್ಲೆ ಕಡೆ ನಡೆದೆವು. ಊರಿನ ದೊಡ್ಡ ದಂಡೆಯ ತೆಂಕು ತುದಿಯಲ್ಲಿ ರಾಮತೀರ್ಥವಿದೆ. ಅಲ್ಲಿಂದ ಮೆಟ್ಟಿಲೇರಿದರೆ ಕೆಂಪು ಮುರಕಲ್ಲಿನ ಗುಡ್ಡ, ಗುಡ್ಡ ದಾಟಿದರೆ ಕುಡ್ಲೆ. ಆ ಗುಡ್ಡದ ನೆತ್ತಿಯಲ್ಲಿ ಒಂದು ಗಳಿಗೆ ನಿಲ್ಲಿ. ನೋಟ ಚಂದ ಎನ್ನುವುದೊಂದೇ ಕಾರಣವಲ್ಲ. ಕೆಳಗೆ ನೀರಿನ ಮಟ್ಟದಲ್ಲಿ ನಿಂತಾಗ ಕಾಣದ್ದು ಮೇಲಿನಿಂದ ಕಾಣುತ್ತದೆ. ದಂಡೆಯುದ್ದಕ್ಕೂ ತೆರೆಗಳು ಸಾಲಾಗಿ ಬಂದು ಬೆಳ್ಳಗೆ ನೊರೆಯಾಗಿ ಒಡೆಯುತ್ತಿದ್ದವು. ಆದರೆ ಒಂದು ಕಡೆ, ಬಂಡೆಗಳ ಮಗ್ಗುಲಲ್ಲಿ, ಆ ಬಿಳಿ ಸಾಲು ತುಂಡಾಗಿತ್ತು. ಸೀರೆಯ ಜರಿ ಅಂಚು ಒಂದು ಗೇಣು ಹರಿದು ಹೋದ ಹಾಗೆ. ಅಲ್ಲಿ ನೀರು ಸ್ವಲ್ಪ ಕಪ್ಪಗೆ, ಮೇಲ್ಮೈ ಸಣ್ಣಗೆ ಸುಕ್ಕುಗಟ್ಟಿದಂತೆ, ಒಂದಿಷ್ಟು ನೊರೆ, ಕಸಕಡ್ಡಿ ದಂಡೆಯಿಂದ ಆಚೆಗೆ ನಿಧಾನವಾಗಿ ಸಾಗುತ್ತಿತ್ತು.

ನಾದಿನಿಯ ಮಗ, ಪಿಯುಸಿ ಓದುವ ಹುಡುಗ, ಊರಿನ ಈಜುಕೊಳದಲ್ಲಿ ಎರಡು ಬೇಸಿಗೆ ಕಲಿತವನು, ಅದೇ ಜಾಗಕ್ಕೆ ಕೈ ತೋರಿಸಿ, "ಅತ್ತೆ, ಅಲ್ಲಿ ನೋಡಿ, ಅಲೆಯೇ ಇಲ್ಲ. ಈಜೋಕೆ ಅದೇ ಬೆಸ್ಟು" ಎಂದ. ಪಕ್ಕದಲ್ಲಿ ಎಳನೀರು ಮಾರುತ್ತಿದ್ದ ಹೆಂಗಸು ಕತ್ತಿಯನ್ನು ಹಾಗೇ ಹಿಡಿದು ತಲೆಯೆತ್ತಿದಳು. "ಅಲ್ಲಿ ಬ್ಯಾಡ ತಮ್ಮಾ. ಅದು ನೀರು ಒಳಗೆ ಹೋಗೂ ದಾರಿ. ತೆರೆ ಒಡೀತದಲ್ಲ, ಅಲ್ಲೇ ನಿಲ್ಲಬೇಕು" ಎಂದವಳೇ ಮತ್ತೊಂದು ಕಾಯಿ ಕೆತ್ತತೊಡಗಿದಳು.

ಎಷ್ಟೋ ಪುಸ್ತಕ ಓದಿದರೂ ಇಷ್ಟು ಚುಟುಕಾಗಿ ಹೇಳಲು ಬರಲಿಕ್ಕಿಲ್ಲ. ಇಂಗ್ಲಿಷಿನಲ್ಲಿ ಇದನ್ನೇ ರಿಪ್ ಕರೆಂಟ್ ಎನ್ನುತ್ತಾರೆ. ಕನ್ನಡದಲ್ಲಿ ಸೆಳವು ಎಂದರೆ ಸಾಕು, ಹೊಳೆ ದಾಟಿ ಗೊತ್ತಿರುವ ನಮ್ಮ ಅಜ್ಜಿಯರಿಗೆ ಅರ್ಥವಾಗುತ್ತಿತ್ತು.

ಇದು ಹೇಗೆ ಆಗುತ್ತದೆ ಎಂಬುದಕ್ಕೆ ನಮ್ಮ ಬಚ್ಚಲುಮನೆಯೇ ಸಾಕ್ಷಿ. ಕೊಡಗಟ್ಟಲೆ ನೀರು ಸುರಿದು ಬಚ್ಚಲು ತೊಳೆಯುತ್ತೇವೆ. ನೀರು ನೆಲದ ತುಂಬ ಹರಡುತ್ತದೆ, ಆದರೆ ಹೊರಕ್ಕೆ ಹೋಗುವುದು ಮೂಲೆಯ ಒಂದೇ ಕಿಂಡಿಯಿಂದ. ನೆಲದ ಮೇಲೆ ನಿಧಾನವಾಗಿದ್ದ ನೀರು ಆ ಕಿಂಡಿಯ ಬಳಿ ಎಷ್ಟು ರಭಸ! ಕೈಜಾರಿದ ಸೋಪಿನ ಚೂರನ್ನು ಕ್ಷಣದಲ್ಲಿ ಎಳೆದುಕೊಂಡು ಹೋಗುತ್ತದೆ. ಕಡಲ ದಂಡೆಯಲ್ಲೂ ಹೀಗೆಯೇ. ತೆರೆಯ ಮೇಲೆ ತೆರೆ ಬಂದು ದಂಡೆಗೆ ನೀರು ಸುರಿಯುತ್ತಲೇ ಇರುತ್ತದೆ. ಆ ನೀರೆಲ್ಲ ವಾಪಸು ಹೋಗಬೇಕಲ್ಲ? ದಂಡೆಯಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಬ್ಬಗಳಿರುತ್ತವೆ. ತೆರೆ ಒಡೆಯುವುದು ಆ ದಿಬ್ಬಗಳ ಮೇಲೆಯೇ. ದಿಬ್ಬದಲ್ಲಿ ಎಲ್ಲಿ ಒಡಕು ಇದೆಯೋ ಅಲ್ಲಿಂದ ನೀರು ದಾರಿ ಮಾಡಿಕೊಂಡು ಹೊರಡುತ್ತದೆ. ಆ ಒಡಕಿನಲ್ಲಿ ನೀರು ಆಳ, ಆದ್ದರಿಂದಲೇ ಅಲ್ಲಿ ತೆರೆ ಒಡೆಯುವುದಿಲ್ಲ. ನಮ್ಮ ಕಣ್ಣಿಗೆ ಅದು ಶಾಂತವಾಗಿ ಕಾಣುವ ಗುಟ್ಟು ಇಷ್ಟೇ. ಬಂಡೆಗಳ, ಕಲ್ಲಿನ ಕಟ್ಟೆಗಳ, ಸಮುದ್ರಕ್ಕೆ ಚಾಚಿದ ಗುಡ್ಡಗಳ ಮಗ್ಗುಲಲ್ಲಿಯೂ ಇಂಥ ದಾರಿ ಆಗುತ್ತದೆ. ಮರಳಿನ ದಿಬ್ಬ ಜರುಗಿದರೆ ಸೆಳವಿನ ಜಾಗವೂ ಜರುಗುತ್ತದೆ. ಹೋದ ವರ್ಷ ಇದೇ ಜಾಗದಲ್ಲಿ ಆಡಿದ್ದೆವು ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ತೆರೆ ಹಿಂದಕ್ಕೆ ಹೋಗುವಾಗ ಪಾದದ ಕೆಳಗಿನ ಮರಳು ಕುಸಿದು ತಲೆ ತಿರುಗಿದಂತಾಗುತ್ತದಲ್ಲ, "ಅಯ್ಯೋ ಎಳೀತಿದೆ" ಎಂದು ನಾವೆಲ್ಲ ಕೂಗುತ್ತೇವಲ್ಲ, ಅದು ಈ ಸೆಳವಲ್ಲ. ಅದು ದಂಡೆಯ ಅಂಚಿನ ಆಟ, ಮುಂದಿನ ತೆರೆ ಬಂದರೆ ಮುಗಿಯಿತು. ಹಾಗೆಂದು ಅದನ್ನೂ ಹಗುರವಾಗಿ ಕಾಣಬಾರದು. ಪುಟ್ಟ ಮಕ್ಕಳನ್ನು ಬೀಳಿಸಲು ಅದೇ ಸಾಕು, ಬಿದ್ದ ಮಗು ಮುಂದಿನ ತೆರೆಯೊಳಗೆ ಹೊರಳುತ್ತದೆ. ನಿಜವಾದ ಸೆಳವು ನಿಲ್ಲುವುದಿಲ್ಲ, ಒಂದೇ ಸಮನೆ ಹೊರಕ್ಕೆ ಹರಿಯುತ್ತದೆ. ಅದರ ವೇಗ ಸಾಮಾನ್ಯವಾಗಿ ನಾವು ನಿಧಾನವಾಗಿ ನಡೆಯುವಷ್ಟೇ. ಆದರೆ ಜೋರಾದಾಗ ಸೆಕೆಂಡಿಗೆ 8 ಅಡಿಯವರೆಗೂ ಹೋಗುತ್ತದೆ. ಒಲಿಂಪಿಕ್ಸಿನ ಈಜುಗಾರನೂ ಅದಕ್ಕೆ ಎದುರಾಗಿ ಈಜಿ ಗೆಲ್ಲಲಾರ. ಎರಡು ಬೇಸಿಗೆ ಈಜುಕೊಳಕ್ಕೆ ಹೋದ ನಮ್ಮ ಹುಡುಗರ ಪಾಡೇನು?

ಪತ್ರಿಕೆಗಳಲ್ಲಿ "ಸುಳಿಗೆ ಸಿಲುಕಿ", "ಅಲೆಗಳು ಒಳಗೆಳೆದುಕೊಂಡು" ಎಂದು ಬರೆಯುತ್ತಾರೆ. ಓದಿದ ನಮಗೆ ನೀರು ಕೆಳಕ್ಕೆ ಎಳೆಯುತ್ತದೆ ಎಂದೇ ಚಿತ್ರ ಮೂಡುತ್ತದೆ. ಹಾಗಲ್ಲ. ಸೆಳವು ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ದಂಡೆಯಿಂದ ದೂರಕ್ಕೆ ಒಯ್ಯುತ್ತದೆ, ಅಷ್ಟೇ. ಸಾಮಾನ್ಯವಾಗಿ ತೆರೆಗಳು ಒಡೆಯುವ ಸಾಲನ್ನು ದಾಟಿದ ಮೇಲೆ ಅದರ ಬಲ ಕುಂದುತ್ತದೆ. ಮುಳುಗಿಸುವುದು ಹೆಚ್ಚಾಗಿ ಗಾಬರಿ ಮತ್ತು ಸುಸ್ತು. ದಂಡೆ ಕಣ್ಣೆದುರಿಗೇ ಇರುತ್ತದೆ, ಅಮ್ಮ ಅಲ್ಲಿ ನಿಂತಿರುವುದು ಕಾಣುತ್ತದೆ. ನೆಟ್ಟಗೆ ಅತ್ತ ಈಜಲು ಹೋಗುತ್ತಾರೆ. ನೀರು ಎಳೆಯುವುದು ಇತ್ತ. ನಾಲ್ಕಾರು ನಿಮಿಷದಲ್ಲಿ ಕೈಕಾಲು ಸೋಲುತ್ತವೆ, ಬಾಯಿಗೆ ನೀರು ನುಗ್ಗುತ್ತದೆ. ಈ ಒಂದು ವ್ಯತ್ಯಾಸ ತಿಳಿದವರಿಗೂ ತಿಳಿಯದವರಿಗೂ ನಡುವೆ ಜೀವದ ಅಂತರವಿದೆ.

ಆದ್ದರಿಂದ ಮಕ್ಕಳಿಗೆ ಬಸ್ಸಿನಲ್ಲಿ ಕುಳಿತಾಗಲೇ, ಪಾಠವೆಂದಲ್ಲ, ಕಥೆಯ ಹಾಗೆ ಹೇಳಿಬಿಡಿ. ನೀರು ಎಳೆದುಕೊಂಡು ಹೊರಟಿತೋ, ಎದುರು ಈಜಬೇಡ. ನೀರಿನ ಮೇಲೆ ಬೆನ್ನು ಹಾಕಿ ಮಲಗು, ಮುಖ ಆಕಾಶಕ್ಕೆ ಇರಲಿ, ಉಸಿರು ತುಂಬಿಕೋ. ಒಂದು ಕೈ ಎತ್ತಿ ಬೀಸು, ಕೂಗು. ಹೋಗುವಷ್ಟು ದೂರ ಹೋಗಲಿ ಬಿಡು. ಎಷ್ಟೋ ಸೆಳವುಗಳು ಸುತ್ತಿ ಬಳಸಿ ಮತ್ತೆ ದಿಬ್ಬದ ಕಡೆಗೇ ತಂದು ಬಿಡುವುದುಂಟು, ಎಲ್ಲವೂ ಅಲ್ಲ. ಈಜು ಚೆನ್ನಾಗಿ ಬರುವವರು ದಂಡೆಗೆ ಸಮಾನಾಂತರವಾಗಿ, ಅಂದರೆ ಎಡಕ್ಕೋ ಬಲಕ್ಕೋ, ನೊರೆ ಏಳುತ್ತಿರುವ ಕಡೆಗೆ ಈಜಬೇಕು. ಸೆಳವಿನ ಅಗಲ ಸಾಮಾನ್ಯವಾಗಿ ಹತ್ತಿಪ್ಪತ್ತು ಮೀಟರು, ನಮ್ಮ ಬೀದಿಯಷ್ಟು. ಅದನ್ನು ಅಡ್ಡಲಾಗಿ ದಾಟಿದರೆ ತೆರೆಗಳೇ ನಮ್ಮನ್ನು ದಂಡೆಗೆ ನೂಕುತ್ತವೆ. ಒಂದು ಕಡೆಗೆ ಈಜುವಾಗ ಭಾರ ಅನ್ನಿಸಿದರೆ ಇನ್ನೊಂದು ಕಡೆಗೆ ತಿರುಗಬೇಕು. ಸುಸ್ತಾದರೆ ಮತ್ತೆ ತೇಲಬೇಕು. ಈಜು ಬಾರದವರಿಗೂ ತೇಲುವುದನ್ನು ಕಲಿಸಬಹುದು. ಉಪ್ಪುನೀರು ಸಿಹಿನೀರಿಗಿಂತ ಸ್ವಲ್ಪ ಹೆಚ್ಚೇ ಎತ್ತಿ ಹಿಡಿಯುತ್ತದೆ.

ಇನ್ನು ನಮ್ಮ ವಿಷಯ. ಆರು ಗಜದ ಸೀರೆ, ಅದರೊಳಗೆ ಲಂಗ, ಎರಡೂ ನೆನೆದರೆ ಕಾಲಿಗೆ ಸುತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ. ದುಪಟ್ಟಾ ಕೊರಳಿಗೆ ಬಿಗಿಯುತ್ತದೆ. ಸೀರೆಯುಟ್ಟು ಸೊಂಟಮಟ್ಟ ನೀರಿಗೆ ಹೋಗಿ ಎರಡು ಕೈಯಲ್ಲಿ ಎರಡು ಮಕ್ಕಳನ್ನು ಹಿಡಿದು ನಿಲ್ಲುವ ತಾಯಂದಿರನ್ನು ಪ್ರತಿ ದಂಡೆಯಲ್ಲೂ ನೋಡುತ್ತೇನೆ. ನೋಡಿದಾಗೆಲ್ಲ ಎದೆ ಝಲ್ಲೆನ್ನುತ್ತದೆ. ಮೂವರಲ್ಲಿ ಒಬ್ಬರು ಎಡವಿದರೆ ಮೂವರೂ ನೀರಿಗೆ. ಮೊಣಕಾಲುದ್ದ ನೀರು ನಮಗೆ ಸಾಕು. ಮಕ್ಕಳು ಕೈಗೆಟುಕುವಷ್ಟು ಹತ್ತಿರವಿರಲಿ. ಬ್ಯಾಗು ಕಾಯುವ ನೆಪದಲ್ಲಿ ದಂಡೆಯಲ್ಲೇ ಕೂತುಬಿಡುವ ಹೆಂಗಸರನ್ನು ಹಾಸ್ಯ ಮಾಡುತ್ತಾರಲ್ಲ, ಆ ಕೂತವಳ ಎರಡು ಕಣ್ಣು ಇಡೀ ತಂಡಕ್ಕೆ ಕಾವಲು. ಮೊಬೈಲನ್ನು ಮಾತ್ರ ಬ್ಯಾಗಿನೊಳಗೆ ಹಾಕಿ ಜಿಪ್ಪು ಎಳೆಯಿರಿ.

ಯಾರಾದರೂ ಸೆಳವಿಗೆ ಸಿಕ್ಕಿದ್ದು ಕಂಡರೆ ಮನಸ್ಸು ಹೇಳುವುದು ಒಂದೇ, ಧುಮುಕು ಎಂದು. ತಂದೆ, ಅಣ್ಣ, ಮೇಷ್ಟ್ರು ಹೀಗೆ ಧುಮುಕಿ, ಸಿಕ್ಕಿಕೊಂಡ ಮಗು ತೇಲಿ ಬದುಕಿ, ಇವರೇ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಕೈ ಕೈ ಹಿಡಿದು ಸರಪಳಿ ಕಟ್ಟಿಕೊಂಡು ಇಳಿಯುವುದೂ ಬೇಡ, ನಡುವಿನ ಒಬ್ಬನ ಕಾಲು ಜಾರಿದರೆ ಸಾಲೇ ಹೋಗುತ್ತದೆ. ಮೊದಲು ಲೈಫ್ ಗಾರ್ಡನ್ನು ಕೂಗಬೇಕು. ಒಬ್ಬರು 112ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬರು ನೀರಿನಲ್ಲಿರುವವರ ಮೇಲಿಂದ ಕಣ್ಣು ತೆಗೆಯದೆ ಬೆರಳು ತೋರಿಸುತ್ತ ನಿಲ್ಲಬೇಕು, ಏಕೆಂದರೆ ತೆರೆಗಳ ನಡುವೆ ಒಂದು ತಲೆ ಕಣ್ಮರೆಯಾದರೆ ಮತ್ತೆ ಹುಡುಕುವುದು ಕಷ್ಟ. ಆಮೇಲೆ, ತೇಲುವಂಥದ್ದು ಏನಿದೆಯೋ ಅದನ್ನು ಎಸೆಯಬೇಕು.

ತೇಲುವಂಥದ್ದು ನಮ್ಮ ಹತ್ತಿರ ಎಲ್ಲಿಂದ ಬರಬೇಕು ಎನ್ನುತ್ತೀರಾ? ಯಾತ್ರೆ ಹೊರಟ ನಮ್ಮ ಗಂಟುಮೂಟೆ ನೋಡಿ! ನೀರಿನ ದೊಡ್ಡ ಪ್ಲಾಸ್ಟಿಕ್ ಕ್ಯಾನು ಇರುತ್ತದೆ, ಒದ್ದೆ ಬಟ್ಟೆ ಒಣಹಾಕಲು ನೈಲಾನ್ ಹಗ್ಗ ಇರುತ್ತದೆ. ಖಾಲಿ ಕ್ಯಾನಿನ ಮುಚ್ಚಳ ಬಿಗಿಮಾಡಿ, ಹಿಡಿಗೆ ಹಗ್ಗ ಕಟ್ಟಿದರೆ ಒಬ್ಬ ಮನುಷ್ಯ ಅಪ್ಪಿಕೊಂಡು ತೇಲುವ ಸಾಧನ ಸಿದ್ಧ. ತಿಂಡಿಯ ಥರ್ಮೋಕೋಲ್ ಪೆಟ್ಟಿಗೆ, ಮಕ್ಕಳ ದೊಡ್ಡ ಚೆಂಡು, ಮುಚ್ಚಳ ಹಾಕಿದ ಎಣ್ಣೆ ಕ್ಯಾನು, ಯಾವುದಾದರೂ ಆದೀತು. ನಾನು ಈಗ ದಂಡೆಗೆ ಹೋಗುವಾಗ ಹಗ್ಗವನ್ನು ರೂಮಿನಲ್ಲಿ ಬಿಡುವುದಿಲ್ಲ. ನಮ್ಮವರು "ಎಮ್ಮೆ ಕಟ್ಟೋಕಾ?" ಎಂದು ರೇಗಿಸುತ್ತಾರೆ, ರೇಗಿಸಲಿ.

ದಂಡೆಗೆ ತಂದವರ ಹೊಟ್ಟೆ ಅಮುಕುವುದು, ತಲೆಕೆಳಗು ಮಾಡಿ ನೀರು ಕಕ್ಕಿಸುವುದು ನಮ್ಮಲ್ಲಿ ರೂಢಿ. ಇದು ಬೇಡವೇ ಬೇಡ. ಹೊಟ್ಟೆಯ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯವಾದ ನಿಮಿಷಗಳೂ ಕಳೆಯುತ್ತವೆ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ, ಬೆಚ್ಚಗೆ ಹೊದಿಸಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಡಬೇಕು. ಅನಂತರ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಉಸಿರು ಕೊಡುವುದು, ಹೀಗೇ ಸಹಾಯ ಬರುವವರೆಗೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಇದನ್ನು ಎಲ್ಲಾದರೂ ಕಲಿಯುವ ಅವಕಾಶ ಸಿಕ್ಕರೆ ತಪ್ಪಿಸಬೇಡಿ. ನೀರು ಕುಡಿದು ಕೆಮ್ಮುತ್ತಿರುವವರು "ಏನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದೆರಡು ತಾಸು ಬಿಟ್ಟು ಉಸಿರಾಟ ಕೆಡುವುದುಂಟು.

ಮಾರನೆಯ ದಿನ ಓಂ ಬೀಚಿಗೆ ಹೋದೆವು. ಊರಿನಿಂದ ಆರೇಳು ಕಿಲೋಮೀಟರು, ಆಟೋ ಸಿಗುತ್ತದೆ. ಎರಡು ಅರ್ಧಚಂದ್ರಗಳು ಕೂಡಿದಂತೆ, ಕೂಡುವಲ್ಲಿ ಬಂಡೆಗಳು ನೀರಿಗೆ ಚಾಚಿದಂತೆ, ಮೇಲಿನಿಂದ ನೋಡಿದರೆ ನಿಜಕ್ಕೂ ಓಂಕಾರವೇ. ಫೋಟೋ ತೆಗೆಸಿಕೊಳ್ಳುವವರ ಗುಂಪೆಲ್ಲ ಆ ಬಂಡೆಗಳ ಮೇಲೆ. ಹುಷಾರಾಗಿರಬೇಕಾದ್ದೂ ಅಲ್ಲಿಯೇ. ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ನಾಲ್ಕು ಸಣ್ಣ ತೆರೆಗಳಾದ ಮೇಲೆ ಒಂದು ದೊಡ್ಡದು ಬಂದು ಅಪ್ಪಳಿಸುತ್ತದೆ. ಜಾರಿ ಬಿದ್ದರೆ ಬೀಳುವುದು ನೇರ ಆ ಬಂಡೆಯ ಮಗ್ಗುಲ ಸೆಳವಿಗೇ. ಬಂಡೆ ಒಣಗಿದೆಯೋ ಒದ್ದೆಯಿದೆಯೋ ನೋಡಿ. ಒದ್ದೆಯಿದ್ದರೆ ತೆರೆ ಅಲ್ಲಿಯವರೆಗೆ ಬಂದಿದೆ ಎಂದೇ ಅರ್ಥ.

ಗೋಕರ್ಣದ ತೆಂಕಿಗೆ ತದಡಿಯಲ್ಲಿ ಅಘನಾಶಿನಿ, ಬಡಗಿಗೆ ಗಂಗಾವಳಿ ಸಮುದ್ರ ಸೇರುತ್ತವೆ. ಹೊಳೆಯ ಬಾಯಿ ನೋಡಲು ಬಲು ಸೊಗಸು. ಆದರೆ ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲ ನೀರೂ ಒಟ್ಟಿಗೆ ಹೊರಕ್ಕೆ ಓಡುವ ಜಾಗವದು, ಅಲ್ಲಿ ಕಾಲಿಡುವುದೇ ಬೇಡ.

ಇಳಿತ ಎಂದೆನಲ್ಲ, ಅದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನೀರು ಇಳಿಯುತ್ತಿರುವ ಹೊತ್ತಿನಲ್ಲಿ, ದಿಬ್ಬಗಳ ಮೇಲೆ ನೀರು ತೆಳ್ಳಗಾಗಿ ಒಡಕುಗಳಿಂದಲೇ ಎಲ್ಲ ನೀರು ಹೊರಡಬೇಕಾಗಿ ಬಂದಾಗ, ಸಾಮಾನ್ಯವಾಗಿ ಸೆಳವು ಬಲವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ನಾವು ಸಮುದ್ರಸ್ನಾನಕ್ಕೆ ಹೋಗುವುದು ಯಾವಾಗ? ಎಳ್ಳಮಾವಾಸ್ಯೆಗೆ, ಗ್ರಹಣಕ್ಕೆ. ಗ್ರಹಣ ಹಿಡಿಯುವುದೂ ಅಮಾವಾಸ್ಯೆ, ಹುಣ್ಣಿಮೆಗಳಂದೇ ತಾನೆ! ಪರ್ವಕಾಲದ ಹೊರತು ಸಮುದ್ರ ಮುಟ್ಟಬಾರದು ಎಂದು ಹಿರಿಯರು ಹೇಳುತ್ತಿದ್ದರು, ಹಾಗಾಗಿ ವರ್ಷದಲ್ಲಿ ನಾಲ್ಕು ದಿನ ಬಿಟ್ಟರೆ ಜನ ನೀರಿಗಿಳಿಯುತ್ತಿರಲಿಲ್ಲ. ಈಗ ಪರ್ವಕ್ಕೂ ಇಳಿಯುತ್ತೇವೆ, ಪಿಕ್ನಿಕ್ಕಿಗೂ ಇಳಿಯುತ್ತೇವೆ. ಪರ್ವದ ದಿನ ಹೋಗುವವರು ದಂಡೆಯ ಮೀನುಗಾರರನ್ನೋ ಲೈಫ್ ಗಾರ್ಡನ್ನೋ "ಈಗ ಭರತವೋ ಇಳಿತವೋ?" ಎಂದು ಒಂದು ಮಾತು ಕೇಳಿ. ಖುಷಿಯಿಂದ ಹೇಳುತ್ತಾರೆ.

ಮುರ್ಡೇಶ್ವರ ಗೋಕರ್ಣದಿಂದ ಒಂದೂವರೆ ಎರಡು ತಾಸಿನ ದಾರಿ. ಮೂರು ಕಡೆ ನೀರಿರುವ ಕಂದುಕಗಿರಿ, ಅದರ ಮೇಲೆ 123 ಅಡಿಯ ಶಿವ, ಲಿಫ್ಟಿನಲ್ಲಿ ಹತ್ತುವ 20 ಅಂತಸ್ತಿನ ರಾಜಗೋಪುರ. ಗೋಪುರದ ಮೇಲಿನ ಕಿಟಕಿಯಿಂದ ಕಡಲು ನೋಡುವುದನ್ನು ಮರೆಯಬೇಡಿ. ನಮ್ಮ ಹುಡುಗ ಅಲ್ಲಿ ನಿಂತು ತಾನಾಗಿಯೇ, "ಅತ್ತೆ, ಅಲ್ಲೊಂದಿದೆ, ಇಲ್ಲೊಂದಿದೆ" ಎಂದು ನೊರೆಯಿಲ್ಲದ ದಾರಿಗಳನ್ನು ಎಣಿಸಿದ. ಆಟದ ಹಾಗೆ ಕಲಿತುಬಿಟ್ಟಿದ್ದ.

ಇದೇ ದಂಡೆಯಲ್ಲಿ 2024ರ ಡಿಸೆಂಬರ್ 10ರಂದು, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ಜೊತೆಯಲ್ಲಿ ಕೊಚ್ಚಿಹೋಗುತ್ತಿದ್ದ ಮೂವರನ್ನು ಉಳಿಸಲಾಯಿತು. ದಂಡೆಯನ್ನು ಪ್ರವಾಸಿಗರಿಗೆ ಕೆಲ ಕಾಲ ಮುಚ್ಚಿದ್ದರು. ನನ್ನ ಮಗಳೂ ಆ ವಯಸ್ಸಿನವಳೇ. ಕೋಲಾರದ ಕಡೆ ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಆ ಮಕ್ಕಳು ಅಷ್ಟು ನೀರನ್ನು ಒಟ್ಟಿಗೆ ಕಂಡು ಎಷ್ಟು ಹಿಗ್ಗಿದ್ದಾರೋ ಎಂದು ನೆನೆದರೆ ಕರುಳು ಕಿವುಚುತ್ತದೆ. ಆ ದಂಡೆಯಲ್ಲಿ ನಿಂತಾಗ ನನಗೆ ಗೋಪುರವೂ ಬೇಡ, ಶಿವನೂ ಬೇಡ ಅನ್ನಿಸಿತು.

ಡಿಸೆಂಬರ್ ಎಂಬುದನ್ನು ಗಮನಿಸಿ. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳಿಗೂ ಮೀನುಗಾರಿಕೆ ನಿಷೇಧ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಇಲ್ಲ. ಆದರೆ ಚಳಿಗಾಲದ ತಿಳಿ ಆಕಾಶ, ಬೆಳ್ಳಿಯಂಥ ನೀರು ಕಂಡು ಕಡಲು ಮಲಗಿದೆ ಎಂದುಕೊಳ್ಳಬಾರದು. ಸೆಳವಿಗೆ ಬಿರುಗಾಳಿ ಬೇಕಿಲ್ಲ. ಸಾಧಾರಣ ತೆರೆಗಳಿದ್ದರೂ ಆಗುತ್ತದೆ.

ಬೇಸಿಗೆ ರಜೆಯದು ಇನ್ನೊಂದು ಕಥೆ. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲೋ ದೂರ, ಹಿಂದೂ ಮಹಾಸಾಗರದ ತೆಂಕು ತುದಿಯಲ್ಲಿ ಎದ್ದ ಗಾಳಿಯ ಅಲೆಗಳು ಸಾವಿರಾರು ಮೈಲಿ ದಾಟಿ ನಮ್ಮ ಕರಾವಳಿಗೆ ಬರುವುದುಂಟು. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಒಮ್ಮೆಲೇ ಕಡಲು ಉಕ್ಕುತ್ತದೆ. ಕೇರಳದ ಬೆಸ್ತರು ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳ ಕಡಲು! ನಮಗೆ ಅರ್ಥ ಹೇಳಬೇಕಾಗಿಲ್ಲ. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಈ ಅಲೆಗಳ ಮುನ್ಸೂಚನೆ ಕೊಡುತ್ತದೆ, ಟಿವಿಯಲ್ಲೂ ಪತ್ರಿಕೆಗಳಲ್ಲೂ ಬರುತ್ತದೆ. ಹೊರಡುವ ಹಿಂದಿನ ದಿನ ಕರಾವಳಿಗೆ ಎತ್ತರದ ಅಲೆಗಳ ಎಚ್ಚರಿಕೆ ಇದೆಯೇ ಎಂದು ನೋಡಿಕೊಂಡರಾಯಿತು.

ದಂಡೆಯಲ್ಲಿ ಬಾವುಟಗಳಿದ್ದರೆ ಅವುಗಳ ಭಾಷೆ ಸುಲಭ. ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗವನ್ನು ಲೈಫ್ ಗಾರ್ಡುಗಳು ಕಾಯುತ್ತಿರುತ್ತಾರೆ, ಆಡುವುದು ಅಲ್ಲೇ. ಬರೀ ಕೆಂಪು ಬಾವುಟವಿದ್ದರೆ ಇಳಿಯಬಾರದು. ಸೀಟಿ ಊದಿದರೆ "ಇವನ್ಯಾವನು ಹೇಳೋಕೆ" ಎಂದು ಜಗಳ ಕಾಯುವ ಗಂಡಸರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಡೀ ದಿನ ಬಿಸಿಲಿನಲ್ಲಿ ನಿಂತು ಯಾರದೋ ಮಕ್ಕಳನ್ನು ಕಾಯುವ ಹುಡುಗರು ಅವರು. ಮಧ್ಯಾಹ್ನ ಒಂದು ಲೋಟ ಮಜ್ಜಿಗೆಯನ್ನಾದರೂ ಕೊಟ್ಟು ಮಾತಾಡಿಸಿ, ಇವತ್ತು ಸೆಳವು ಎಲ್ಲಿದೆ ಎಂದು ಅವರೇ ತೋರಿಸಿಕೊಡುತ್ತಾರೆ. ಸಂಜೆ ಅವರು ಹೊರಟ ಮೇಲೆ ನೀರಿನಲ್ಲಿ ಯಾರೂ ಇರಬಾರದು.

ವಾಪಸು ಬರುವಾಗ ಮರವಂತೆಯ ಮೇಲೆ ಬಂದೆವು. ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಕಾರು ನಿಲ್ಲಿಸಿ ನೋಡದವರೇ ಇಲ್ಲ. ಇಲ್ಲಿಯ ದಂಡೆ ಕಡಿದು, ತೆರೆಗಳ ಹೊಡೆತ ಜೋರು, ಕಲ್ಲುಗಳೂ ಇವೆ. ಇದು ನೋಡುವ ಕಡಲು, ಆಡುವ ಕಡಲಲ್ಲ. ನಾವು ರಸ್ತೆಯ ಬದಿಯಲ್ಲೇ ಜಮಖಾನ ಹಾಸಿ, ಕುಂದಾಪುರದ ಕಡೆಯ ಹೋಟೆಲಿನಿಂದ ಕಟ್ಟಿಸಿಕೊಂಡ ನೀರುದೋಸೆಯನ್ನು ಊರಿನಿಂದ ತಂದ ಶೇಂಗಾ ಚಟ್ನಿಪುಡಿಯೊಡನೆ ತಿಂದೆವು. ಈ ಜೋಡಿ ಕರಾವಳಿಯವರಿಗೆ ಒಪ್ಪಿಗೆಯಾಗುತ್ತದೋ ಇಲ್ಲವೋ, ನಮ್ಮ ಮಕ್ಕಳು ಮೂರು ಮೂರು ದೋಸೆ ಜಾಸ್ತಿ ತಿಂದರು. ಜೊತೆಗೆ ಮುರುಗಲು ಹಣ್ಣಿನ ಪಾನಕ. ಗೋಕರ್ಣದಲ್ಲಿ ಒಣ ಮುರುಗಲು ಸಿಪ್ಪೆ ಕಾಲು ಕಿಲೋ ಕೊಂಡಿದ್ದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ, ಬೆಲ್ಲ, ಚಿಟಿಕೆ ಉಪ್ಪು, ಏಲಕ್ಕಿ ಹಾಕಿದರೆ ಘಟ್ಟ ಹತ್ತುವಾಗಿನ ವಾಂತಿಗೂ ಒಳ್ಳೆಯದು. ಹಗ್ಗ ಮತ್ತು ಕ್ಯಾನು ಹೇಗೆ ಹೋಗಿದ್ದವೋ ಹಾಗೇ ವಾಪಸು ಬಂದವು. ಹಗ್ಗದ ಮೇಲೆ ಈಗ ನಮ್ಮ ಹಿತ್ತಲಲ್ಲಿ ಹಪ್ಪಳದ ಬಟ್ಟೆ ಒಣಗುತ್ತಿದೆ.